ಜನಪ್ರಿಯ ಕಲೆ ಮತ್ತು ತರುಣರ ದಿನಬಳಕೆಯ ಆಯ್ಕೆಗಳು: ಇಂಡಿ-ಸಿಂದಗಿ ಸೀಮೆಯನ್ನು ಕುರಿತ ಒಂದು ವಿವೇಚನೆ

1. ಪ್ರಸ್ತಾವನೆ

ತರುಣರು ಎಂಥ ಉಡುಪನ್ನು ತೊಡುವರು, ಕೂದಲನ್ನು ಹೇಗೆ ಬಾಚುವರು, ಸಂಜೆಯನ್ನು ಯಾರೊಡನೆ ಕಳೆಯುವರು, ಯಾವ ಹಾಡನ್ನು ಮೆಚ್ಚುವರು, ಮುಂದೆ ಯಾವ ವೃತ್ತಿಯನ್ನು ಬಯಸುವರು ಎಂಬ ಸಂಗತಿಗಳು ಇತಿಹಾಸಗ್ರಂಥಗಳಲ್ಲಿ ವಿರಳವಾಗಿ ಸ್ಥಾನ ಪಡೆಯುತ್ತವೆ. ರಾಜವಂಶಗಳ ಚರಿತ್ರೆಗೆ ಶಾಸನಗಳುಂಟು, ಆಡಳಿತದ ಚರಿತ್ರೆಗೆ ದಫ್ತರಗಳುಂಟು. ದಿನಬಳಕೆಯ ಸಣ್ಣ ಆಯ್ಕೆಗಳಿಗೆ ಅಂಥ ಆಧಾರಗಳು ಕಡಿಮೆ. ಆದರೂ ಸಾಮಾನ್ಯ ಜನರ ಬಾಳು ಬಹುಮಟ್ಟಿಗೆ ರೂಪುಗೊಳ್ಳುವುದು ಈ ಸಣ್ಣ ಆಯ್ಕೆಗಳಿಂದಲೇ ಆದುದರಿಂದ, ಅವುಗಳ ವಿಚಾರ ಇತಿಹಾಸದ ಅಭ್ಯಾಸಿಗಳಿಗೆ ಹೊರತಾದುದಲ್ಲ.

ಈ ಆಯ್ಕೆಗಳ ಮೇಲೆ ಜನಪ್ರಿಯ ಕಲೆ ಬೀರುವ ಪ್ರಭಾವವನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ ಸರಳವಾದುದು: ಹುಡುಗರನ್ನು ಮೊಬೈಲು ಕೆಡಿಸಿದೆ. ಹಿಂದಿನ ತಲೆಮಾರಿನ ಹಿರಿಯರು ಇದೇ ಮಾತನ್ನು ಸಿನೆಮಾ ಕುರಿತು ಆಡಿದ್ದರು. ಅವರಿಗೂ ಹಿಂದಿನವರು ನಾಟಕವನ್ನೂ ಲಾವಣಿಯನ್ನೂ ಕುರಿತು ಆಡಿದ್ದರು. ಒಂದೇ ಆಕ್ಷೇಪಣೆ ಕಾಲಕಾಲಕ್ಕೆ ಬೇರೆ ಬೇರೆ ಕಲೆಗಳ ಮೇಲೆ ಬರುತ್ತಿರುವುದನ್ನು ಕಂಡಾಗ, ಅದು ಎಷ್ಟರಮಟ್ಟಿಗೆ ನಿಜ, ನಿಜವಾಗಿದ್ದರೆ ಆ ಪ್ರಭಾವ ಯಾವ ಬಗೆಯಲ್ಲಿ ನಡೆಯುತ್ತದೆ ಎಂಬುದನ್ನು ಪರಿಶೀಲಿಸುವುದು ಅವಶ್ಯವೆನಿಸುತ್ತದೆ. ಪ್ರಕೃತ ಲೇಖನದಲ್ಲಿ ಆ ಯತ್ನವನ್ನು ಮಾಡಿದ್ದೇವೆ.

ಇದಕ್ಕಾಗಿ ನಾವು ಆರಿಸಿಕೊಂಡಿರುವುದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಸೀಮೆಯನ್ನು. ಇಂಡಿ ತಾಲೂಕಿನ ತಾಂಬಾದಂಥ ದೊಡ್ಡ ಗ್ರಾಮವೊಂದನ್ನು ಕಣ್ಣಮುಂದೆ ಇಟ್ಟುಕೊಂಡರೆ ಈ ಸೀಮೆಯ ಲಕ್ಷಣ ಸ್ಪಷ್ಟವಾಗುತ್ತದೆ. ಬಹುಭಾಗ ಮಳೆಯನ್ನೇ ನಂಬಿ ಜೋಳ ತೊಗರಿಗಳನ್ನು ಬೆಳೆದುಕೊಂಡು ಬಂದ ಭೂಮಿ. ಉತ್ತರಕ್ಕೆ ಭೀಮಾನದಿ, ಅದರಾಚೆ ಸೊಲ್ಲಾಪುರದ ಪೇಟೆ. ಇನ್ನೊಂದು ಕಡೆಗೆ ಆದಿಲಶಾಹಿಯ ರಾಜಧಾನಿಯಾಗಿದ್ದ ವಿಜಯಪುರ. ಬಿಜಾಪುರವೆಂಬ ಹೆಸರಿನ ಈ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮುಂಬಯಿ ರಾಜ್ಯದ ಭಾಗವಾಗಿದ್ದಿತು. ಹೀಗಾಗಿ ಕನ್ನಡದ ಜೊತೆಗೆ ಮರಾಠಿಯೂ ದಖನಿ ಉರ್ದುವೂ ಇಲ್ಲಿನ ಜನರ ಕಿವಿಗೆ ಪರಿಚಿತ. ಜನಪ್ರಿಯ ಕಲೆ ಭಾಷೆಯ ಗಡಿಯನ್ನು ಹೇಗೆ ದಾಟುತ್ತದೆಂಬುದನ್ನು ನೋಡಲು ಇಂಥ ಪ್ರದೇಶ ಅನುಕೂಲವಾದುದು.

ನಮ್ಮ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡಬಹುದು. ಜನಪ್ರಿಯ ಕಲೆಯು ತರುಣರಿಗೆ ಮಾದರಿಯನ್ನು ಒದಗಿಸುತ್ತದೆ. ಆ ಮಾದರಿಯನ್ನು ಸ್ವೀಕರಿಸಬೇಕೋ ಬಿಡಬೇಕೋ ಎಂಬುದು ಗೆಳೆಯರ ಗುಂಪಿನಲ್ಲಿ ನಿರ್ಣಯವಾಗುತ್ತದೆ. ಸ್ವೀಕರಿಸಿದುದು ಎಷ್ಟು ದೂರ ನಡೆದೀತು ಎಂಬುದನ್ನು ಹಣ, ನೀರು, ಮನೆತನದ ಕಟ್ಟಳೆ ಇವು ಗೊತ್ತುಮಾಡುತ್ತವೆ. ಮೊದಲನೆಯದನ್ನಷ್ಟೇ ಕಂಡು ಉಳಿದೆರಡನ್ನು ಮರೆತಾಗ ಕಲೆಯನ್ನು ದೂಷಿಸುವುದು ಸುಲಭವಾಗುತ್ತದೆ. ಆ ದೂಷಣೆಯ ಭಾರ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ.

2. ಹಾಡಿನ ಮೇಳ ಮತ್ತು ಗೆಳೆಯರ ಬಳಗ

ರೇಡಿಯೋ ಸಿನೆಮಾಗಳು ಬರುವ ಮೊದಲು ಈ ಸೀಮೆಯ ತರುಣರನ್ನು ರಾತ್ರಿಯಿಡೀ ಹಿಡಿದಿಡುತ್ತಿದ್ದ ಕಲೆಗಳಲ್ಲಿ ಲಾವಣಿ ಮತ್ತು ಗೀಗೀಪದಗಳು ಮುಖ್ಯವಾದುವು. ದಪ್ಪು, ತುಂತುಣಿ, ತಾಳಗಳೊಡನೆ ಮೇಳದವರು ನಿಂತು ಹಾಡುವ ಈ ಪದಗಳಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳುಂಟು. ಒಂದು ಪಕ್ಷ ಶಿವನನ್ನು, ಎಂದರೆ ಪುರುಷನನ್ನು, ಹೆಚ್ಚೆಂದು ಸಾಧಿಸಿದರೆ ಇನ್ನೊಂದು ಶಕ್ತಿಯನ್ನು, ಎಂದರೆ ಹೆಣ್ಣನ್ನು, ಹೆಚ್ಚೆಂದು ಸಾಧಿಸುತ್ತದೆ. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ ಹೀಗೆ ಬೆಳಗಿನವರೆಗೆ ವಾದ ನಡೆಯುವುದು. ಕೇಳುವವರೂ ಎರಡು ಪಕ್ಷಗಳಾಗಿ ಒಡೆಯುವರು. ಮರುದಿನ ಹೊಲದಲ್ಲಿ, ಬಾವಿಯ ದಂಡೆಯಲ್ಲಿ, ಅಗಸಿಯ ಕಟ್ಟೆಯ ಮೇಲೆ ಆ ವಾದ ಮುಂದುವರಿಯುವುದು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಲೆ ಒಂದೇ ಉತ್ತರವನ್ನು ತರುಣರ ಕೈಗೆ ಕೊಡಲಿಲ್ಲ. ಎರಡು ಉತ್ತರಗಳನ್ನು ಎದುರುಬದುರಾಗಿ ಇಟ್ಟಿತು. ಆರಿಸಿಕೊಳ್ಳುವ ಕೆಲಸ ಕೇಳುಗರ ಪಾಲಿಗೆ ಉಳಿಯಿತು.

ಈ ಹಾಡುಗಳು ತರುಣರ ಬದುಕನ್ನು ಎಷ್ಟು ಆಳವಾಗಿ ತಿರುಗಿಸಬಲ್ಲವೆಂಬುದಕ್ಕೆ ಅಂದಿನ ಇಂಡಿ ತಾಲೂಕಿನ ಹಲಸಂಗಿಯೇ ಸಾಕ್ಷಿ. ಮಧುರಚೆನ್ನರೆಂದು ಪ್ರಸಿದ್ಧರಾದ ಚೆನ್ನಮಲ್ಲಪ್ಪನವರು (1903-1953), ಸಿಂಪಿ ಲಿಂಗಣ್ಣನವರು (1905-1993), ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಮೊದಲಾದವರ ಕೂಟ 'ಹಲಸಂಗಿ ಗೆಳೆಯರು' ಎಂಬ ಹೆಸರಿನಿಂದ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ನೆಲೆಗೊಂಡಿದೆ. ಲಾವಣಿಕಾರ ಖಾಜಾಭಾಯಿಯೂ ಅದೇ ಊರಿನವನು. ಈ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂಬ ತ್ರಿಪದಿಗಳ ಸಂಕಲನವನ್ನೂ, 1933ರಲ್ಲಿ 'ಜೀವನ ಸಂಗೀತ'ವೆಂಬ ಲಾವಣಿಗಳ ಸಂಕಲನವನ್ನೂ, 1935ರಲ್ಲಿ 'ಮಲ್ಲಿಗೆ ದಂಡೆ'ಯನ್ನೂ ಹೊರತಂದರು. 'ಗರತಿಯ ಹಾಡು' ಪ್ರಕಟವಾದಾಗ ಮಧುರಚೆನ್ನರಿಗೆ ಇಪ್ಪತ್ತೆಂಟು ವರ್ಷ, ಲಿಂಗಣ್ಣನವರಿಗೆ ಇಪ್ಪತ್ತಾರು.

ಇವರು ಮಾಡಿದ ಆಯ್ಕೆಯ ಸ್ವರೂಪವನ್ನು ನೋಡಬೇಕು. ಅಂದಿನ ವಿದ್ಯಾವಂತ ತರುಣನಿಗೆ ಬೀಸುವ ಕಲ್ಲಿನ ಹಾಡೂ ಲಾವಣಿಯೂ ಹಳ್ಳಿಯ ಒರಟುತನದ ಗುರುತುಗಳು. ಶಾಲೆಯ ಓದು ಅವುಗಳಿಂದ ದೂರವಾಗುವ ದಾರಿ. ಹಲಸಂಗಿಯ ತರುಣರು ಅದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದರು. ತಾಯಿ ಅಕ್ಕಂದಿರು ನಸುಕಿನಲ್ಲಿ ಜೋಳ ಬೀಸುತ್ತ ಹಾಡಿದುದನ್ನು ಕಾಗದದ ಮೇಲೆ ಇಳಿಸಿಕೊಳ್ಳುವುದು ತಮ್ಮ ಓದಿಗೆ ತಕ್ಕ ಕೆಲಸವೆಂದು ಬಗೆದರು. ಕಾಪಸೆಯವರನ್ನೂ ಧೂಲಾಸಾಹೇಬರನ್ನೂ ಒಂದೇ ಕೆಲಸದಲ್ಲಿ ತೊಡಗಿಸಿದುದು ಹಾಡಿನ ಬಲವೆಂಬುದು ನಿಜ. ಆದರೆ ಆ ಹಾಡನ್ನು ಸುತ್ತಲಿನ ನೂರು ಊರುಗಳ ಸಾವಿರಾರು ತರುಣರು ಕೇಳುತ್ತಿದ್ದರೆಂಬುದೂ ಅಷ್ಟೇ ನಿಜ. ಹಲಸಂಗಿಯಲ್ಲಿ ಹೆಚ್ಚಾಗಿ ಇದ್ದುದು ಗೆಳೆತನ. ಒಬ್ಬನ ಮೆಚ್ಚಿಕೆಯನ್ನು ಮತ್ತೊಬ್ಬನು ಹಾಸ್ಯಮಾಡದೆ ಒಪ್ಪಿಕೊಳ್ಳುವಂಥ ಬಳಗವೊಂದು ಅಲ್ಲಿ ಸಿದ್ಧವಾಗಿದ್ದಿತು. ಬಳಗದ ಹೆಸರಿನಲ್ಲಿಯೇ 'ಗೆಳೆಯರು' ಎಂಬ ಪದವಿರುವುದು ಅರ್ಥವತ್ತಾಗಿದೆ.

ಇದರೊಡನೆ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಹಾಡನ್ನು ಸಂಗ್ರಹಿಸಿದ ತರುಣರ ಹೆಸರುಗಳು ನಮಗೆ ಗೊತ್ತು. ಅದನ್ನು ಕಟ್ಟಿದ ಗರತಿಯರು ಮಾತ್ರ ಹೆಸರಿಲ್ಲದೆ ಉಳಿದರು. ಹಾಡು ಮನೆಯ ಹೊಸ್ತಿಲನ್ನು ದಾಟಿ ಪುಸ್ತಕವಾಯಿತು. ಹಾಡಿದವರು ಹೊಸ್ತಿಲೊಳಗೇ ನಿಂತರು.

3. ನಾಟಕ ಕಂಪನಿಗಳ ಕಾಲ

1884ರಲ್ಲಿ ಹೋಟಗಿ-ಗದಗ ರೈಲುಮಾರ್ಗ ಸಂಚಾರಕ್ಕೆ ತೆರೆದುದರಿಂದ ಸೊಲ್ಲಾಪುರದ ಕಡೆಯಿಂದ ಇಂಡಿ, ಬಿಜಾಪುರ, ಬಾಗಲಕೋಟೆಗಳ ಮೂಲಕ ಗದಗಿನವರೆಗೆ ಸಂಪರ್ಕ ಏರ್ಪಟ್ಟಿತು. ಹತ್ತಿ, ಧಾನ್ಯಗಳನ್ನು ಹೊತ್ತ ಈ ಮಾರ್ಗವು ಪರದೆ, ಬಣ್ಣದ ಪೆಟ್ಟಿಗೆ, ಹಾರ್ಮೋನಿಯಂಗಳನ್ನು ಹೇರಿಕೊಂಡ ನಾಟಕ ಕಂಪನಿಗಳಿಗೂ ಹಾದಿಯಾಯಿತು. ಗದಗಿನ ಗರುಡ ಸದಾಶಿವರಾಯರ ಮಂಡಳಿ, ಶಿರಹಟ್ಟಿಯ ವೆಂಕೋಬರಾಯರ ಮಂಡಳಿ, ಕೊಣ್ಣೂರು ಕಂಪನಿ ಮೊದಲಾದುವು ಉತ್ತರ ಕರ್ನಾಟಕದ ಜನರಿಗೆ ಹೊಸ ರುಚಿಯನ್ನು ಕಲಿಸಿದುವು. ಸಿಂದಗಿ ತಾಲೂಕಿನ ಹಂದಿಗನೂರಿನ ಸಿದ್ರಾಮಪ್ಪನವರು ಈ ರಂಗಭೂಮಿಯ ಹೆಸರಾಂತ ನಟರಲ್ಲೊಬ್ಬರಾದರು. ಬಿಜಾಪುರದ ಸಿದ್ಧೇಶ್ವರ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆಗಳಲ್ಲಿ ಕಂಪನಿಗಳು ಡೇರೆ ಹೂಡಿದವೆಂದರೆ ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಜನ ಬರುತ್ತಿದ್ದರು.

ರಂಗಭೂಮಿಯಿಂದ ಉಡಿಗೆ ತೊಡಿಗೆಗಳು ಹೇಗೆ ಹರಡುತ್ತವೆಂಬುದಕ್ಕೆ ನೆರೆಯ ಮರಾಠಿ ರಂಗಭೂಮಿ ಪ್ರಸಿದ್ಧವಾದ ನಿದರ್ಶನವನ್ನು ಒದಗಿಸಿದೆ. 1913ರಲ್ಲಿ ತಮ್ಮದೇ ಮಂಡಳಿಯನ್ನು ಸ್ಥಾಪಿಸಿದ ಬಾಲಗಂಧರ್ವರು (1888-1967) ಸ್ತ್ರೀಪಾತ್ರಗಳಲ್ಲಿ ಸೀರೆ ಉಟ್ಟ ರೀತಿಯನ್ನೂ, ಹೆರಳಿಗೆ ಹೂ ಮುಡಿದ ರೀತಿಯನ್ನೂ ಅನುಕರಿಸುವುದು ಮಹಾರಾಷ್ಟ್ರದ ಸ್ಥಿತಿವಂತ ಮನೆತನಗಳ ಹೆಂಗಸರಲ್ಲಿ ರೂಢಿಯಾಯಿತು. ಗಂಡಸೊಬ್ಬನು ಹೆಣ್ಣಿನ ವೇಷದಲ್ಲಿ ತೋರಿಸಿದ ಮಾದರಿಯನ್ನು ಹೆಂಗಸರು ಸ್ವೀಕರಿಸಿದುದು ಮೇಲುನೋಟಕ್ಕೆ ವಿಚಿತ್ರವಾಗಿ ತೋರಬಹುದು. ಕಾರಣ ಕಷ್ಟಸಾಧ್ಯವಾದುದಲ್ಲ. ಮನೆತನದ ಹೆಣ್ಣು ರಂಗದ ಮೇಲೆ ಬರುವಂತಿರಲಿಲ್ಲ. ಬಂದ ಹೆಣ್ಣನ್ನು ಮನೆತನದವರು ಅನುಕರಿಸುವಂತಿರಲಿಲ್ಲ. ಗಂಡಸಿನ ಸ್ತ್ರೀವೇಷ ಈ ಎರಡು ನಿಷೇಧಗಳ ನಡುವೆ ಉಳಿದ ಕಿರುದಾರಿಯಾಗಿದ್ದಿತು.

ಈ ಮಾತಿನ ಇನ್ನೊಂದು ಮಗ್ಗುಲನ್ನು ನಮ್ಮ ಜಿಲ್ಲೆಯ ಕಲಾವಿದೆಯ ಜೀವನದಲ್ಲಿ ಕಾಣಬಹುದು. ಅಂದು ಬಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಕಲಾವಿದರ ಮನೆತನದಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ, ಹಿಂದೀ ಚಲನಚಿತ್ರಗಳ ಗಾಯಕಿಯಾಗಿ ಕೀರ್ತಿ ಪಡೆದರು. 1943ರ 'ಕಿಸ್ಮತ್' ಚಿತ್ರದ ಹಾಡುಗಳು ಅವರ ಕಂಠವನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿದುವು. ಬಿಜಾಪುರದ 'ಅಮೀರ ಟಾಕೀಸ್' ಅವರ ಹೆಸರನ್ನು ಹೊತ್ತ ಚಿತ್ರಮಂದಿರ. ಅವರ ಸೋದರಿ ಗೋಹರಬಾಯಿಯವರೂ ಗಾಯಕಿ, ನಟಿ, ಬಾಲಗಂಧರ್ವರ ಜೀವನಸಂಗಾತಿಯಾದವರು. ಇವರ ಹಾಡನ್ನು ಊರೂರಿನ ಹುಡುಗಿಯರು ಮೆಚ್ಚಿ ಕಲಿಯಬಹುದಾಗಿತ್ತು. ಇವರ ದಾರಿಯನ್ನು ತುಳಿಯುತ್ತೇನೆಂದು ಮನೆಯಲ್ಲಿ ಹೇಳಬಹುದಾಗಿರಲಿಲ್ಲ. ಮಾದರಿ ಕಣ್ಣಮುಂದೆ ಇದ್ದರೂ ಆಯ್ಕೆ ಕೈಗೆ ಸಿಗದಿರುವ ಈ ಸ್ಥಿತಿಯನ್ನು ಗಮನಿಸಿದರೆ, ಕಲೆಯ ಪ್ರಭಾವವನ್ನು ಕೇವಲ ಅನುಕರಣೆಯೆಂದು ಬಣ್ಣಿಸುವುದು ಸಾಲದೆಂಬುದು ತಿಳಿಯುತ್ತದೆ.

ಗಂಡುಹುಡುಗರ ಸ್ಥಿತಿ ಬೇರೆ. ಕಂಪನಿಯ ನಾಟಕವನ್ನು ಕಂಡ ತರುಣರು ತಮ್ಮ ಊರಿನಲ್ಲಿಯೇ ನಾಟಕ ಆಡತೊಡಗಿದರು. ಜಾತ್ರೆಯ ಮುಂಚೆ ನಾಟಕದ ಮಾಸ್ತರನನ್ನು ಕರೆಯಿಸಿ, ತಿಂಗಳುಗಟ್ಟಲೆ ತಾಲೀಮು ನಡೆಯಿಸಿ, ಖರ್ಚನ್ನು ಹಂಚಿಕೊಂಡು ಹಳ್ಳಿಯ ಹುಡುಗರು ಆಡುವ ಈ ಪದ್ಧತಿ ಇಂದಿಗೂ ನಿಂತಿಲ್ಲ. ಹಗಲಿಡೀ ಹೊಲದಲ್ಲಿ ದುಡಿದವನು ರಾತ್ರಿ ಮಾತುಗಳನ್ನು ಬಾಯಿಪಾಠ ಮಾಡುವನು. ಓದುಬರಹ ಅಷ್ಟಕ್ಕಷ್ಟೇ ಇದ್ದವನು ನಾಟಕದ ಪುಸ್ತಕಕ್ಕಾಗಿ ಅಕ್ಷರವನ್ನು ಗಟ್ಟಿಮಾಡಿಕೊಳ್ಳುವನು. ನಾಟಕ ಹುಡುಗರನ್ನು ಕೆಡಿಸುತ್ತದೆಂಬ ಆಕ್ಷೇಪಣೆಗೆ ಈ ತಾಲೀಮಿನ ಕೋಣೆಗಿಂತ ಮಿಗಿಲಾದ ಉತ್ತರವಿಲ್ಲ.

4. ರೇಡಿಯೋ ಮತ್ತು ನಿರ್ಬಂಧದ ಪಾಠ

ಧಾರವಾಡದ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾಯಿತು. 1952ರಲ್ಲಿ ಬಿ. ವಿ. ಕೇಸ್ಕರರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದರು. ಚಲನಚಿತ್ರಗೀತೆಗಳು ತರುಣರ ಅಭಿರುಚಿಯನ್ನು ಕೆಡಿಸುತ್ತವೆಂದು ಬಗೆದ ಅವರ ಕಾಲದಲ್ಲಿ ಆಕಾಶವಾಣಿಯಿಂದ ಅವು ಬಹುಮಟ್ಟಿಗೆ ಮರೆಯಾದುವು. ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚಿನ ಹೊತ್ತು ದೊರೆಯಿತು. ಕೇಳುವವರೇನು ಮಾಡಿದರು? ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೋ ಸಿಲೋನ್ ಆರಂಭಿಸಿದ 'ಬಿನಾಕಾ ಗೀತಮಾಲಾ', ಅಮೀನ ಸಾಯಾನಿಯವರ ನಿರೂಪಣೆಯಲ್ಲಿ, ದೇಶದಾದ್ಯಂತ ತರುಣರ ಬುಧವಾರದ ರಾತ್ರಿಯನ್ನು ತನ್ನದಾಗಿಸಿಕೊಂಡಿತು. ಕೊನೆಗೆ 1957ರ ಅಕ್ಟೋಬರ್ 3ರಂದು 'ವಿವಿಧ ಭಾರತಿ'ಯನ್ನು ಆರಂಭಿಸಿ ಸರಕಾರವೇ ಚಿತ್ರಗೀತೆಗಳಿಗೆ ಎಡೆಮಾಡಿಕೊಡಬೇಕಾಯಿತು. ನಿರ್ಬಂಧದಿಂದ ಬಯಕೆ ಅಳಿಯಲಿಲ್ಲ. ಹರಿಯುವ ಕಾಲುವೆ ಮಾತ್ರ ಬದಲಾಯಿತು.

ರೇಡಿಯೋ ತಂದ ಬದಲಾವಣೆಗಳಲ್ಲಿ ಹಾಡಿಗಿಂತ ಹೊತ್ತಿನ ಶಿಸ್ತು ಮುಖ್ಯವಾದುದೆಂದು ನಮಗೆ ತೋರುತ್ತದೆ. ಮೇಳದ ಹಾಡಿಗೆ ಗಡಿಯಾರವಿರಲಿಲ್ಲ. ರೇಡಿಯೋ ಬಂದ ಮೇಲೆ ಇಂಥ ದಿನ ಇಂಥ ಗಂಟೆಗೆ ಇಂಥಲ್ಲಿ ಕೂಡಬೇಕೆಂಬ ರೂಢಿ ಬಿದ್ದಿತು. ಪ್ರತಿ ಮನೆಯಲ್ಲಿ ರೇಡಿಯೋ ಇಲ್ಲದ ಆ ಕಾಲದಲ್ಲಿ ಪಂಚಾಯತಿ ಕಟ್ಟೆಯೋ ಚಹದ ಅಂಗಡಿಯೋ ಕೇಳುವ ತಾಣವಾಗಿದ್ದಿತು. ಯಾವ ಹಾಡು ಈ ವಾರ ಮೇಲೇರುವುದೆಂಬ ಚರ್ಚೆ ಅಲ್ಲಿ ನಡೆಯುತ್ತಿತ್ತು. ಅರ್ಥವಾಗದ ಹಿಂದೀ ಪದವನ್ನು ಗೆಳೆಯನು ಬಿಡಿಸಿ ಹೇಳುತ್ತಿದ್ದನು. ಚಹದ ಅಂಗಡಿಯಲ್ಲಿ ಹುಡುಗಿಯರಿಗೆ ಎಡೆಯಿರಲಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮನೆಗೇ ರೇಡಿಯೋ ಬಂದಂದು ಅವರಿಗೂ ಕೇಳುವ ಅವಕಾಶ ದೊರೆಯಿತು. ಆದರೆ ಮುಳ್ಳನ್ನು ತಿರುಗಿಸುವ ಕೈ ಸಾಮಾನ್ಯವಾಗಿ ತಂದೆಯದೋ ಅಣ್ಣನದೋ ಆಗಿರುತ್ತಿತ್ತು.

ಈ ಸಂದರ್ಭದಲ್ಲಿ ಹೊರದೇಶದ ಎರಡು ಅಧ್ಯಯನಗಳನ್ನು ನೆನೆಯುವುದು ಉಪಯುಕ್ತ. 'ಜೀವನ ಸಂಗೀತ' ಪ್ರಕಟವಾದ 1933ನೆಯ ವರ್ಷದಲ್ಲಿಯೇ ಅಮೇರಿಕೆಯ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಬ್ಲೂಮರ್ ಚಲನಚಿತ್ರ ಮತ್ತು ನಡತೆಯನ್ನು ಕುರಿತ ಗ್ರಂಥವೊಂದನ್ನು ಹೊರತಂದನು. ವಿದ್ಯಾರ್ಥಿಗಳಿಂದಲೂ ಇತರ ತರುಣರಿಂದಲೂ ತಮ್ಮ ಸಿನೆಮಾ ಅನುಭವವನ್ನು ಬರೆಯಿಸಿಕೊಂಡು, ಉಡುಪು, ಕೇಶಾಲಂಕಾರ, ಪ್ರಣಯದ ನಡೆನುಡಿಗಳಲ್ಲಿ ಅವರು ಚಿತ್ರಗಳನ್ನು ಹೇಗೆ ಅನುಕರಿಸುತ್ತಾರೆಂಬುದನ್ನು ಅವನು ತೋರಿಸಿದನು. ಇಪ್ಪತ್ತೆರಡು ವರ್ಷಗಳ ಬಳಿಕ, 1955ರಲ್ಲಿ, ಎಲಿಹು ಕಾಟ್ಜ್ ಮತ್ತು ಪಾಲ್ ಲಾಜರ್ಸ್‌ಫೆಲ್ಡ್ ಎಂಬ ವಿದ್ವಾಂಸರು ಇಲಿನಾಯ್ ಪ್ರಾಂತದ ಡೆಕೇಟರ್ ಎಂಬ ಊರಿನ ಹೆಂಗಸರನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿ, ಪತ್ರಿಕೆ ರೇಡಿಯೋಗಳ ಮಾತು ಜನರಿಗೆ ನೇರವಾಗಿ ತಟ್ಟುವುದಕ್ಕಿಂತ ಹೆಚ್ಚಾಗಿ, ಅವರ ಸುತ್ತಲಿನ ಪರಿಚಿತರ ಮೂಲಕ ತಟ್ಟುತ್ತದೆಂದು ವಾದಿಸಿದರು. ಸಾಮಾನು ಕೊಳ್ಳುವುದು, ಉಡುಪಿನ ಮಾದರಿ, ಸಿನೆಮಾ ಆಯ್ಕೆ ಇವುಗಳಲ್ಲಿ ನೆರೆಯವಳ ಮಾತಿಗೆ ಹೆಚ್ಚಿನ ಬೆಲೆಯೆಂಬುದು ಅವರ ನಿರ್ಣಯ. ಹಲಸಂಗಿಯ ಬಳಗವನ್ನೂ ಚಹದ ಅಂಗಡಿಯ ರೇಡಿಯೋವನ್ನೂ ಬಲ್ಲವರಿಗೆ ಈ ನಿರ್ಣಯ ಅಪರಿಚಿತವೆನಿಸಲಾರದು.

5. ಚಲನಚಿತ್ರ: ಬಯಕೆ ಮತ್ತು ಬರ

ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದುದು ಕೊಲ್ಹಾಪುರದಲ್ಲಿ. 1954ರ 'ಬೇಡರ ಕಣ್ಣಪ್ಪ'ದಲ್ಲಿ ನಾಯಕರಾಗಿ ಬಂದ ರಾಜಕುಮಾರರು ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಬೆಳೆದವರು. ಹೀಗೆ ನಮ್ಮ ಚಲನಚಿತ್ರವು ನಾಟಕ ಕಂಪನಿಯ ಮುಂದುವರಿಕೆಯಾಗಿಯೇ ಜನರೆದುರಿಗೆ ಬಂದಿತು.

ಚಲನಚಿತ್ರವೊಂದು ತರುಣರ ಆಯ್ಕೆಯನ್ನು ತಿರುಗಿಸಿತೆಂಬುದಕ್ಕೆ ಕರ್ನಾಟಕದಲ್ಲಿ ಎಲ್ಲರೂ ಉದಾಹರಿಸುವುದು 1972ರ 'ಬಂಗಾರದ ಮನುಷ್ಯ'ವನ್ನು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರದಲ್ಲಿ ವಿದ್ಯಾವಂತ ತರುಣನೊಬ್ಬನು ಹಳ್ಳಿಗೆ ಬಂದು, ಬಂಜರು ಭೂಮಿಯನ್ನು ಬೆಳ್ಳುಳಿಯಂಥ ಬೆಳೆಯ ಹೊಲವಾಗಿಸುತ್ತಾನೆ. ಇದನ್ನು ಕಂಡು ಪಟ್ಟಣ ಸೇರಿದ್ದ ಅನೇಕ ತರುಣರು ಹಳ್ಳಿಗೆ ಮರಳಿ ಒಕ್ಕಲುತನ ಕೈಕೊಂಡರೆಂಬ ಮಾತು ವ್ಯಾಪಕವಾಗಿ ಪ್ರಚಾರದಲ್ಲಿದೆ. ಆ ಮಾತು ಐವತ್ತು ವರ್ಷಗಳಿಂದ ಉಳಿದುಬಂದಿದೆಯೆಂಬುದೇ ಚಿತ್ರದ ಬಲಕ್ಕೆ ಸಾಕ್ಷಿ. ಆದರೆ ಇತಿಹಾಸದ ಅಭ್ಯಾಸಿ ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ: ಯಾವ ಭೂಮಿಗೆ ಮರಳಿದರು?

ಚಿತ್ರ ತೆರೆಕಂಡ ಅದೇ ವರ್ಷ ಮಹಾರಾಷ್ಟ್ರದ ಸೊಲ್ಲಾಪುರ ಮೊದಲಾದ ಜಿಲ್ಲೆಗಳನ್ನೂ ಗಡಿಯ ಈಚೆಗಿನ ಬಿಜಾಪುರ ಜಿಲ್ಲೆಯನ್ನೂ ಘೋರವಾದ ಬರಗಾಲ ಹಿಡಿಯಿತು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿಯೇ ಅಡಿಗಲ್ಲು ಬಿದ್ದಿದ್ದರೂ ಅದರ ನೀರು ಈ ಸೀಮೆಗೆ ಇನ್ನೂ ದೂರದ ಮಾತಾಗಿತ್ತು. ತೆರೆಯ ಮೇಲಿನ ನಾಯಕನಿಗೆ ಬಾವಿಯಲ್ಲಿ ನೀರು ಚಿಮ್ಮಿತು. ಇಂಡಿ, ಸಿಂದಗಿಗಳ ತರುಣನ ಬಾವಿಯ ತಳ ಒಣಗಿತ್ತು. ಬಯಕೆಯಿದ್ದರೂ ಒಕ್ಕಲುತನದಿಂದ ಬಾಳಲಾರದ ಕುಟುಂಬಗಳು ಬರಗಾಲದ ಕಾಮಗಾರಿಯನ್ನೋ ಗುಳೆಯ ದಾರಿಯನ್ನೋ ಹಿಡಿಯಬೇಕಾಯಿತು. ಚಿತ್ರವೊಂದೇ, ನೀರಾವರಿಯ ಪ್ರದೇಶದಲ್ಲಿ ಅದು ಯೋಜನೆಯಾಗಬಲ್ಲದು, ಬರದ ಪ್ರದೇಶದಲ್ಲಿ ಕನಸಾಗಿಯೇ ನಿಲ್ಲಬಲ್ಲದು. ಜನಪ್ರಿಯ ಕಲೆ ಬಯಕೆಯನ್ನು ಹುಟ್ಟಿಸೀತು, ನೀರನ್ನು ಹುಟ್ಟಿಸಲಾರದು.

ಅಡ್ಡಿಗಳು ಕಡಿಮೆಯಾದಲ್ಲಿ ಮಾದರಿ ಎಷ್ಟು ಬೇಗ ಕಾರ್ಯವಾಗುತ್ತದೆಂಬುದಕ್ಕೆ ಇತ್ತೀಚಿನ ನಿದರ್ಶನ ನೇತ್ರದಾನ. 2006ರ ಏಪ್ರಿಲ್ 12ರಂದು ರಾಜಕುಮಾರರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತರು ಅಕಾಲದಲ್ಲಿ ತೀರಿಕೊಂಡಾಗಲೂ ಹಾಗೆಯೇ ನಡೆದು, ಆ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಆ ಬಳಿಕ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ನೋಂದಾಯಿಸುವವರ ಸಂಖ್ಯೆ ಗಮನಾರ್ಹವಾಗಿ ಏರಿತು. ಇಲ್ಲಿ ಭೂಮಿ ಬೇಡ, ಬಂಡವಾಳ ಬೇಡ; ಅರ್ಜಿಯೊಂದನ್ನು ತುಂಬಿದರೆ ಸಾಕು. ಗೆಳೆಯರು ಗುಂಪಾಗಿ ಹೋಗಿ ಹೆಸರು ಬರೆಯಿಸಬಹುದು. ಮಾದರಿ, ಗುಂಪು, ಅನುಕೂಲ ಈ ಮೂರೂ ಒಂದುಗೂಡಿದುದರಿಂದ ಫಲ ತ್ವರಿತವಾಯಿತು. ಹಾಗೆಂದು ಗುಂಪಿನ ಬಲ ಯಾವಾಗಲೂ ಒಳಿತಿಗೇ ಒದಗುವುದೆಂದು ತಿಳಿಯಲಾಗದು. 2006ರಲ್ಲಿ ರಾಜಕುಮಾರರ ಅಗಲಿಕೆಯ ವೇಳೆ ಬೆಂಗಳೂರಿನಲ್ಲಿ ಹಿಂಸಾಚಾರ ನಡೆದು ಜೀವಹಾನಿಯಾದುದೂ ಇದೇ ಚರಿತ್ರೆಯ ಭಾಗ.

6. ಕೈಯಲ್ಲಿನ ಪರದೆ

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಅಂತರಜಾಲದ ಬೆಲೆ ದೇಶದಾದ್ಯಂತ ಇಳಿದು, ಮೊಬೈಲು ಹಳ್ಳಿಯ ತರುಣನ ಕೈಗೂ ಬಂದಿತು. ತಾಂಬಾದಂಥ ಊರಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿ ಒಂದು ತಾಸಿನ ಹಾದಿಯಲ್ಲಿ ಕೊರಿಯಾದ ಹಾಡು, ತೆಲುಗು ಚಿತ್ರದ ತುಣುಕು, ಊರಪಕ್ಕದ ಹಾಡುಗಾರನ ಜಾನಪದ ಗೀತೆ ಮೂರನ್ನೂ ನೋಡಬಲ್ಲನು. ಇವುಗಳಲ್ಲಿ ಮೂರನೆಯದು ವಿಶೇಷವಾಗಿ ಗಮನಾರ್ಹ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಸಣ್ಣ ಸಣ್ಣ ಸ್ಟುಡಿಯೋಗಳಲ್ಲಿ ತಯಾರಾದ ಹಾಡುಗಳು ಯೂಟ್ಯೂಬಿನಲ್ಲಿ ಅಪಾರ ಕೇಳುಗರನ್ನು ಪಡೆದಿವೆ. ಟ್ರ್ಯಾಕ್ಟರಿನ ಧ್ವನಿಪೆಟ್ಟಿಗೆಗಳಲ್ಲಿಯೂ ಮದುವೆಯ ಮೆರವಣಿಗೆಗಳಲ್ಲಿಯೂ ಮೊಳಗುತ್ತವೆ. ಆಡುಮಾತಿಗೆ ನಾಚುತ್ತಿದ್ದ ತರುಣನು ಈಗ ಅದನ್ನು ಹೆಮ್ಮೆಯಿಂದ ಹಾಡುತ್ತಾನೆ. ಇವುಗಳಲ್ಲಿ ಕೆಲವು ಹೆಣ್ಣನ್ನು ಹಗುರಾಗಿ ಕಾಣುವ ಮಾತುಗಳಿಂದ ಕೂಡಿವೆಯೆಂಬುದು ನಿಜ. ಆದರೆ ಹರದೇಶಿಯ ಮಾತಿಗೆ ನಾಗೇಶಿಯ ಉತ್ತರ ಅದೇ ರಾತ್ರಿ ಅದೇ ಅಂಗಳದಲ್ಲಿ ಸಿಗುತ್ತಿತ್ತು. ಇಂದಿನ ಹಾಡಿಗೆ ಹಾಗೆ ಎದುರುನಿಂತು ಉತ್ತರಿಸುವ ಮೇಳವಿಲ್ಲ. ನಮ್ಮ ದೃಷ್ಟಿಯಲ್ಲಿ ಹಳೆಯ ಕಲೆಗೂ ಹೊಸದಕ್ಕೂ ಇರುವ ನಿಜವಾದ ಅಂತರ ಇದೇ.

ನಿರ್ಬಂಧದ ಪಾಠವೂ ಮರುಕಳಿಸಿದೆ. 2020ರ ಜೂನ್ 29ರಂದು ಭಾರತ ಸರಕಾರ ಟಿಕ್‌ಟಾಕನ್ನು ನಿಷೇಧಿಸಿತು. ಅದರ ಕಾರಣ ದೇಶದ ಭದ್ರತೆಗೆ ಸಂಬಂಧಿಸಿದುದು, ಅಭಿರುಚಿಗಲ್ಲ. ಆದರೂ ಪರಿಣಾಮ 1952ರದೇ: ಚಿಕ್ಕ ವಿಡಿಯೋ ನೋಡುವ, ಮಾಡುವ ಹವ್ಯಾಸ ಕೆಲವೇ ವಾರಗಳಲ್ಲಿ ಇನ್‌ಸ್ಟಾಗ್ರಾಮಿನ ರೀಲುಗಳ ಕಡೆಗೆ ಹರಿಯಿತು.

ಈ ಪರದೆಯ ಮುಂದೆ ಹುಡುಗನೂ ಹುಡುಗಿಯೂ ಸಮಾನರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲು ಉಳ್ಳವರು ಶೇಕಡಾ 54ರಷ್ಟು ಮಾತ್ರ. ಅದೇ ಸಮೀಕ್ಷೆಯಲ್ಲಿ, 20ರಿಂದ 24 ವರ್ಷದ ಹೆಂಗಸರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ದೇಶದಲ್ಲಿ ಶೇಕಡಾ 23ರಷ್ಟು. ವಿಜಯಪುರ ಜಿಲ್ಲೆಯ ಪ್ರಮಾಣ ಇದಕ್ಕಿಂತ ಹೆಚ್ಚು. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 2020-21ರ ಸೋಂಕಿನ ಕಾಲದಲ್ಲಿ ಪಾಠ ಮೊಬೈಲಿಗೆ ಬಂದಾಗ, ಒಂದೇ ಫೋನು ಇದ್ದ ಮನೆಗಳಲ್ಲಿ ಅದು ಅಣ್ಣನ ಪಾಲಿಗೆ ಹೋಗಿ ತಂಗಿಯ ಪಾಠ ನಿಂತುದನ್ನು ನಾವು ಕಂಡಿದ್ದೇವೆ. ಹುಡುಗನು ರಾತ್ರಿಯಿಡೀ ಫೋನು ನೋಡಿದರೆ ಮನೆಯವರು ಬೈಯುವರು. ಹುಡುಗಿ ಒಂದು ಹಾಡಿಗೆ ಹೆಜ್ಜೆ ಹಾಕಿದ ವಿಡಿಯೋ ಕಂಡರೆ ಫೋನನ್ನು ಕಸಿದುಕೊಳ್ಳುವರು, ಕೆಲವೆಡೆ ಕಾಲೇಜನ್ನೇ ಬಿಡಿಸಿ ವರನನ್ನು ಹುಡುಕುವರು. 'ಮೊಬೈಲು ಕೆಡಿಸಿತು' ಎಂದು ನಾವು ಅಧ್ಯಾಪಕರು ಪಾಲಕರ ಸಭೆಯಲ್ಲಿ ಲಘುವಾಗಿ ಆಡಿದ ಮಾತು ಮನೆಗೆ ತಲುಪುವ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿಯ ಓದಿಗೆ ತೀರ್ಪಾಗಬಲ್ಲದು.

7. ಉಪಸಂಹಾರ

ಮೇಲಣ ವಿವೇಚನೆಯಿಂದ ಕೆಲವು ನಿರ್ಣಯಗಳು ಹೊರಡುತ್ತವೆ. ಲಾವಣಿಯಿಂದ ಮೊಬೈಲಿನವರೆಗೆ ಪ್ರತಿಯೊಂದು ಜನಪ್ರಿಯ ಕಲೆಯೂ ತರುಣರ ಉಡುಗೆ, ಮಾತು, ಹೊತ್ತು, ಹಂಬಲಗಳನ್ನು ತಿದ್ದಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ತಿದ್ದಿರುವುದು ಬಳಗದ ಮೂಲಕ. ಬಳಗ ಬೇರೆಯಾದರೆ ಫಲವೂ ಬೇರೆ. ಒಂದೇ ಹಾಡನ್ನು ಕೇಳಿ ಒಂದು ಗುಂಪು ಹೊತ್ತು ಕಳೆದರೆ ಇನ್ನೊಂದು 'ಗರತಿಯ ಹಾಡ'ನ್ನು ಅಚ್ಚು ಹಾಕಿಸಿತು. ಮೇಲಾಗಿ, ಬಯಸಿದುದನ್ನು ನಡೆಸುವ ಶಕ್ತಿ ಎಲ್ಲರಿಗೂ ಸಮವಾಗಿ ಹಂಚಿಕೆಯಾಗಿಲ್ಲ. ನೀರಿಲ್ಲದ ರೈತನ ಮಗನಿಗೂ, ಫೋನಿಲ್ಲದ ಅವನ ತಂಗಿಗೂ ಕಲೆ ತೋರಿಸುವ ದಾರಿ ಕಾಣುತ್ತದೆ, ನಡೆಯಲು ಬರುವುದಿಲ್ಲ.

ಆದುದರಿಂದ ವಿದ್ಯಾರ್ಥಿಯೊಬ್ಬನ ಅಥವಾ ವಿದ್ಯಾರ್ಥಿನಿಯೊಬ್ಬಳ ನಡತೆಯನ್ನು ಕುರಿತು ಮಾತನಾಡುವ ಮುನ್ನ ಅಧ್ಯಾಪಕರು ಮೂರು ಸಂಗತಿಗಳನ್ನು ವಿಚಾರಿಸುವುದು ಒಳಿತು: ಇವರು ನೋಡುತ್ತಿರುವುದೇನು, ಯಾರೊಡನೆ ನೋಡುತ್ತಿದ್ದಾರೆ, ಕಂಡುದನ್ನು ಬಯಸಿದರೆ ನಡೆಸಲು ಇವರಿಗೆ ಇರುವ ಅನುಕೂಲವೆಷ್ಟು. ಮೊದಲನೆಯದನ್ನು ನಿಷೇಧಿಸುವುದು ನಮ್ಮ ಕೈಯಲ್ಲಿಲ್ಲವೆಂದು 1952 ಮತ್ತು 2020ರ ಅನುಭವಗಳು ಹೇಳುತ್ತವೆ. ಎರಡನೆಯದು ನಮ್ಮ ಕೈಯಲ್ಲಿದೆ. ಕಾಲೇಜು ಒಳ್ಳೆಯ ಬಳಗಗಳನ್ನು ಕಟ್ಟಬಲ್ಲದು, ಹುಡುಗಿಯರೂ ಅಂಜದೆ ಕುಳಿತು ವಾದಿಸುವಂಥ, ಹಾಡಿಗೆ ಹಾಡಿನಿಂದಲೇ ಉತ್ತರ ಕೊಡುವಂಥ ಬಳಗಗಳನ್ನು. ಮೂರನೆಯದಕ್ಕಾಗಿ ಪಾಲಕರೊಡನೆ ತಾಳ್ಮೆಯಿಂದ ಮಾತನಾಡುವುದು ನಮ್ಮ ಕರ್ತವ್ಯ.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವೂ ಉಂಟು. ತಮ್ಮ ಊರಿನಲ್ಲಿ ಮೊದಲ ರೇಡಿಯೋ ಎಲ್ಲಿ ಬಂದಿತು, ಜಾತ್ರೆಯಲ್ಲಿ ಯಾವ ನಾಟಕಗಳನ್ನು ಆಡಿದರು, ಅಜ್ಜಿ ತನ್ನ ಹರೆಯದಲ್ಲಿ ಯಾವ ಹಾಡನ್ನು ಕದ್ದು ಕೇಳಿದಳು, ಯಾವುದನ್ನು ಬಯಸಿ ಬಿಟ್ಟುಕೊಟ್ಟಳು ಎಂಬುದನ್ನು ಅವರು ಕೇಳಿ ಬರೆದಿಡಬೇಕು. ಹಲಸಂಗಿಯ ಗೆಳೆಯರು ಹಾಡನ್ನು ಉಳಿಸಿದರು. ಈ ಸಲ ಹಾಡಿದವರ ಒಪ್ಪಿಗೆಯನ್ನು ಪಡೆದು, ಅವರ ಹೆಸರನ್ನೂ ಬರೆದುಕೊಳ್ಳಬೇಕು.